ಡಾಕ್ ಕೆಳಗಿನ ಕ್ರಾಪಿಗೆ ಯಾವ ರಾಡ್?

ಅಮೆರಿಕದ ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ ಕಡೆ ದೊಡ್ಡ ಗಾಳದ ಸಾಮಾನಿನ ಅಂಗಡಿಗೆ ಹೋದರೆ ಕ್ರಾಪಿ ಎಂಬ ಸಿಹಿನೀರಿನ ಮೀನು ಹಿಡಿಯುವ ರಾಡ್‌ಗಳಿಗೆಂದೇ ಒಂದು ಗೋಡೆ ಮೀಸಲಾಗಿರುತ್ತದೆ. ಹೊಸಬರು ತಬ್ಬಿಬ್ಬಾಗುವುದೇ ಅಲ್ಲಿ. ಹದಿನಾರು ಅಡಿಯ ಕೋಲಿನ ಪಕ್ಕದಲ್ಲೇ ಐದು ಅಡಿಯದು ನಿಂತಿರುತ್ತದೆ, ಎರಡರ ಮೇಲೂ ಅದೇ ಮೀನಿನ ಚಿತ್ರ. ಉದ್ದನೆಯವು ದೋಣಿಯ ಮುಂದೆ ಏಳೆಂಟು ಕೋಲು ಸಾಲಾಗಿ ಚಾಚಿಕೊಂಡು ಮೆಲ್ಲಗೆ ಸಾಗುವವರಿಗೆ. ಒಂಬತ್ತು ಹತ್ತು ಅಡಿಯವು ಮುಳುಗಿದ ಮರಗಳ ಪಕ್ಕ ಜಿಗ್ (ಸೀಸದ ತಲೆಯ ಕೊಕ್ಕೆ) ಅನ್ನು ನೇರ ಕೆಳಗೆ ಇಳಿಬಿಡುವವರಿಗೆ. ಡಾಕ್ (ದೋಣಿ ಕಟ್ಟಲು ನೀರಿನ ಮೇಲೆ ಚಾಚಿದ ಹಲಗೆಯ ಕಟ್ಟೆ) ಕೆಳಗೆ ಜಿಗ್ ಹಾರಿಸುವವರಿಗೆ ಬೇಕಾದದ್ದು ಆ ಗೋಡೆಯ ಒಂದು ಮೂಲೆಯ ಕೆಲವೇ ರಾಡ್‌ಗಳು. ಅವುಗಳಲ್ಲೂ ಎಲ್ಲವೂ ಕೆಲಸಕ್ಕೆ ಬರುವುದಿಲ್ಲ.

ಅಟ್ಲಾಂಟಾದ ಉತ್ತರಕ್ಕೆ ಕಮಿಂಗ್, ಆಲ್ಫರೆಟ್ಟ ಕಡೆ ನಮ್ಮ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಕಮಿಂಗ್‌ನವರಿಗಂತೂ ಲೇನಿಯರ್ ಸರೋವರ ಮನೆ ಹಿಂದಿನ ಕೆರೆ ಇದ್ದ ಹಾಗೆ. ಊರಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ ಎರೆಹುಳ ಸಿಕ್ಕಿಸಿ ಕೂತು ಅಭ್ಯಾಸವಿದ್ದವರು ಇಲ್ಲಿ ಬಂದು, ಡಾಕ್‌ನಿಂದ ಇಪ್ಪತ್ತು ಅಡಿ ದೂರ ದೋಣಿ ನಿಲ್ಲಿಸಿ ಜಿಗ್ ಅನ್ನು ಹಲಗೆಯ ಅಡಿಗೆ ಹಾರಿಸುವವರನ್ನು ನೋಡಿದ ಮೇಲೆ ಕೇಳುವ ಮೊದಲ ಪ್ರಶ್ನೆ, ‘ಯಾವ ರಾಡ್ ತಗೊಳ್ಳಲಿ?’ ನನ್ನ ಉತ್ತರ ಬ್ರ್ಯಾಂಡ್ ಹೆಸರಿನಿಂದ ಶುರುವಾಗುವುದಿಲ್ಲ. ರಾಡ್ ಎಲ್ಲಿ ಬಾಗುತ್ತದೆ, ಬಾಗಿದ್ದು ಎಷ್ಟು ಬೇಗ ನೆಟ್ಟಗಾಗುತ್ತದೆ ಎನ್ನುವುದು ಮೊದಲು. ನೀವು ಯಾವ ಥರದ ಡಾಕ್ ಮುಂದೆ, ಯಾವ ಥರದ ದೋಣಿಯಲ್ಲಿ ಇರುತ್ತೀರಿ ಎನ್ನುವುದು ಎರಡನೆಯದು. ಬೆಲೆ ಕೊನೆಗೆ.

ಹಾರಿಸುವುದು ಅಂದರೆ ಏನು

ರೀಲಿನ ಬೇಲ್ (ದಾರ ತಡೆಯುವ ತಂತಿಯ ಕಮಾನು) ತೆರೆದು ದಾರವನ್ನು ರಾಡ್ ಹಿಡಿದ ಕೈಯ ತೋರುಬೆರಳಲ್ಲಿ ಒತ್ತಿ ಹಿಡಿಯಬೇಕು. ತುದಿಯಿಂದ ಇಳಿಬಿಟ್ಟ ಜಿಗ್ ರೀಲಿಗಿಂತ ತುಸು ಮೇಲೆ, ಮೊದಲ ಗೈಡ್ (ದಾರ ಹಾಯುವ ಉಂಗುರ) ಹತ್ತಿರ ತೂಗುವಷ್ಟು ದಾರ ಸಾಕು. ಇನ್ನೊಂದು ಕೈಯಲ್ಲಿ ಜಿಗ್‌ನ ಸೀಸದ ತಲೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯಬೇಕು. ಕೊಕ್ಕೆಯ ಮೊನೆ ಹೊರಗಡೆ ತಿರುಗಿರಲಿ. ಬೆರಳ ಕಡೆ ತಿರುಗಿದ್ದರೆ ಬಿಟ್ಟ ಕ್ಷಣವೇ ಚರ್ಮಕ್ಕೆ ನಾಟುತ್ತದೆ. ರಾಡ್‌ನ ತುದಿ ಡಾಕ್ ಕಡೆಗೆ, ನೀರಿಗೆ ಹತ್ತಿರ. ಜಿಗ್ ಹಿಡಿದ ಕೈಯನ್ನು ಹಿಂದಕ್ಕೆ ಎಳೆದರೆ ರಾಡ್ ಬಿಲ್ಲಿನಂತೆ ಬಾಗುತ್ತದೆ. ಮೊದಲು ಜಿಗ್ ಬಿಡಬೇಕು, ಅದರ ಬೆನ್ನಿಗೇ ದಾರ. ಎರಡನ್ನೂ ಒಟ್ಟಿಗೆ ಬಿಟ್ಟರೆ ಜಿಗ್ ಮುಂದೆ ಹೋಗದೆ ಅಲ್ಲೇ ಬೀಳುತ್ತದೆ. ದಾರ ತಡವಾದರೆ ನಿಮ್ಮ ಕಡೆಗೇ ವಾಪಸ್ ಬರುತ್ತದೆ, ಕನ್ನಡಕ ಹಾಕಿಕೊಂಡಿರಿ. ಸರಿಯಾಗಿ ಬಿಟ್ಟ ಜಿಗ್ ನೀರಿನ ಮೇಲೆ ಒಂದೆರಡು ಸಲ ಪುಟಿದು, ಹದಿನೈದು ಇಪ್ಪತ್ತು ಅಡಿ ಒಳಗಿನ ನೆರಳಿಗೆ ನುಗ್ಗುತ್ತದೆ.

ಇಷ್ಟು ಕಷ್ಟಪಡುವುದು ಯಾಕೆಂದರೆ ಮೀನು ಇರುವುದೇ ಅಲ್ಲಿ. ಬಿಸಿಲುಗಾಲದಲ್ಲೂ ಚಳಿಗಾಲದಲ್ಲೂ ಕ್ರಾಪಿಗಳು ಡಾಕ್ ನೆರಳಲ್ಲಿ, ತಳಕ್ಕೂ ಮುಟ್ಟದೆ ಮೇಲಕ್ಕೂ ಬಾರದೆ, ನಡುನೀರಲ್ಲಿ ಗುಂಪಾಗಿ ನಿಲ್ಲುತ್ತವೆ. ಮಾಲೀಕರು ತಮ್ಮ ಡಾಕ್ ಕೆಳಗೆ ಮರದ ಕೊಂಬೆಗಳನ್ನು ಕಟ್ಟಿ ಮುಳುಗಿಸಿಟ್ಟಿದ್ದರಂತೂ ಕೇಳಲೇಬೇಡಿ. ಡಾಕ್ ಅಂಚಿನಲ್ಲಿ ರಾಡ್ ಸಿಕ್ಕಿಸುವ ಕೊಳವೆಯೋ, ನೀರಿನ ಕಡೆ ಮುಖ ಮಾಡಿದ ದೀಪವೋ, ಮೀನು ಹೆಚ್ಚುವ ಮೇಜೋ ಕಂಡರೆ ಆ ಮನೆಯವರು ಮೀನಿನವರು, ಕೆಳಗೆ ಕೊಂಬೆ ಇದ್ದೇ ಇರುತ್ತದೆ ಎಂದು ಲೆಕ್ಕ. ಸಾಮಾನ್ಯ ರೀತಿಯಲ್ಲಿ ತಲೆ ಮೇಲಿಂದ ಬೀಸಿ ಎಸೆದರೆ ಜಿಗ್ ಡಾಕ್‌ನ ಅಂಚಿಗೆ ಬೀಳುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ.

ಈಗ ತೂಕದ ಲೆಕ್ಕ ನೋಡಿ. ಇಲ್ಲಿ ಹೆಚ್ಚು ಬಳಸುವುದು 1/32 ಮತ್ತು 1/16 ಔನ್ಸಿನ ಜಿಗ್. ಮೊದಲನೆಯದರ ಸೀಸ ಒಂದು ಗ್ರಾಮಿಗಿಂತಲೂ ಕಡಿಮೆ, ಸುಮಾರು 0.9 ಗ್ರಾಂ. ಎರಡನೆಯದು 1.8 ಗ್ರಾಂ. ಹತ್ತು ಸೆಂಟಿನ ಡೈಮ್ ನಾಣ್ಯವೇ 2.27 ಗ್ರಾಂ ತೂಗುತ್ತದೆ. ಡೈಮ್‌ಗಿಂತ ಹಗುರವಾದ ವಸ್ತುವನ್ನು ಇಪ್ಪತ್ತೈದು ಮೂವತ್ತು ಅಡಿ ದೂರಕ್ಕೆ, ನೀರಿಗೂ ಹಲಗೆಗೂ ನಡುವಿನ ಸಂದಿಯೊಳಗೆ ತೂರಿಸಬೇಕು. ಈ ಕೆಲಸಕ್ಕೆ ತೋಳಿನ ಬಲ ಬರುವುದೇ ಇಲ್ಲ, ಅಷ್ಟೂ ಬಲ ರಾಡ್‌ನ ಬಾಗಿನಿಂದಲೇ ಬರಬೇಕು. ಅದಕ್ಕೇ ಈ ಒಂದು ಪದ್ಧತಿಯಲ್ಲಿ ರಾಡ್‌ಗೆ ಇಷ್ಟು ಮಹತ್ವ.

ಬಾಗು

ರಾಡ್‌ನ ಹಿಡಿಯ ಮೇಲೆ ಎರಡು ಮಾತು ಬರೆದಿರುತ್ತಾರೆ. ಒಂದು ಪವರ್, ಇನ್ನೊಂದು ಆಕ್ಷನ್. ಜನ ಎರಡನ್ನೂ ಕಲಸಿಬಿಡುತ್ತಾರೆ. ಪವರ್ ಅಂದರೆ ಬಾಗಿಸಲು ಎಷ್ಟು ಬಲ ಬೇಕು ಎನ್ನುವುದು: ಅಲ್ಟ್ರಾಲೈಟ್, ಲೈಟ್, ಮೀಡಿಯಂ ಹೀಗೆ. ಆಕ್ಷನ್ ಅಂದರೆ ಎಲ್ಲಿಂದ ಬಾಗುತ್ತದೆ ಎನ್ನುವುದು. ತುದಿ ಮಾತ್ರ ಬಾಗಿದರೆ ಫಾಸ್ಟ್, ನಡುವಿನ ತನಕ ಬಾಗಿದರೆ ಮಾಡರೇಟ್, ಹಿಡಿಯ ತನಕ ಬಳುಕಿದರೆ ಸ್ಲೋ.

ಕ್ರಾಪಿಗೆ ಅಲ್ಟ್ರಾಲೈಟ್ ಸ್ಲೋ ರಾಡ್ ಒಳ್ಳೆಯದು ಎಂದು ಅಂಗಡಿಯವರೂ ಹೇಳುತ್ತಾರೆ. ತೆರೆದ ನೀರಿನಲ್ಲಿ ಬೆಂಡು ಕಟ್ಟಿ ಹಿಡಿಯುವವರಿಗೆ ಆ ಮಾತು ನಿಜ. ಕ್ರಾಪಿಯ ಬಾಯಿಯ ಪೊರೆ ಕಾಗದದಷ್ಟು ತೆಳು, ಜೋರಾಗಿ ಎಳೆದರೆ ಹರಿದು ಮೀನು ಬಿಟ್ಟುಹೋಗುತ್ತದೆ. ಮೆತ್ತಗಿನ ರಾಡ್ ಅದನ್ನು ಕಾಪಾಡುತ್ತದೆ. ಆದರೆ ಅದೇ ರಾಡ್‌ನಿಂದ ಡಾಕ್ ಕೆಳಗೆ ಹಾರಿಸಿ ನೋಡಿ. ಎಳೆದಷ್ಟೂ ಬಾಗುತ್ತದೆ, ಬಿಟ್ಟ ಮೇಲೆ ತುದಿ ನೆಟ್ಟಗಾಗಿ ನಿಲ್ಲುವುದಿಲ್ಲ, ಆಚೆಗೆ ಈಚೆಗೆ ತೂಗಾಡುತ್ತದೆ. ಆ ತೂಗಾಟವೇ ಜಿಗ್‌ನ ದಾರಿ ತಪ್ಪಿಸುವುದು. ಆರು ಇಂಚು ಎತ್ತರದ ಸಂದಿಗೆ ಗುರಿ ಇಟ್ಟಿದ್ದು ಹೋಗಿ ಪಾಂಟೂನ್ ದೋಣಿಯ ಅಲ್ಯೂಮಿನಿಯಂಗೆ ಟಣ್ ಎಂದು ಬಡಿಯುತ್ತದೆ. ಆ ಸದ್ದಿಗೆ ಕೆಳಗಿನ ಮೀನು ಚದರದೇ ಇದ್ದರೂ ಮಾಲೀಕ ಮನೆಯಿಂದ ಹೊರಗೆ ಬರುತ್ತಾನೆ.

ಎಕ್ಸ್‌ಟ್ರಾ ಫಾಸ್ಟ್ ರಾಡ್‌ನದು ಇನ್ನೊಂದು ಕಷ್ಟ. ತುದಿಯ ಒಂದು ಗೇಣು ಮಾತ್ರ ಬಾಗುತ್ತದೆ, ಅದರಲ್ಲಿ ಕೂಡಿಟ್ಟ ಬಲ ಸಾಲುವುದಿಲ್ಲ. 1/16ರ ಜಿಗ್ ಹೇಗೋ ಹೋದೀತು, 1/32 ಹೋಗುವುದಿಲ್ಲ. ಬಲ ಸಾಲದೆಂದು ಹೆಚ್ಚು ಎಳೆದರೆ ತುದಿಯೇ ಮುರಿಯುವ ಭಯ.

ಬೇಕಾದದ್ದು ಇವೆರಡರ ನಡುವಿನದು. ಮೇಲಿನ ಮೂರನೆಯ ಒಂದು ಭಾಗ ಸುಲಭವಾಗಿ ಬಾಗಬೇಕು, ಇನ್ನೂ ಎಳೆದರೆ ಬಾಗು ಹೆಚ್ಚೆಂದರೆ ಅರ್ಧಕ್ಕೆ ಇಳಿಯಬೇಕು, ಅಲ್ಲಿಂದ ಕೆಳಗೆ ರಾಡ್ ಗಟ್ಟಿಯಾಗಿ ನಿಲ್ಲಬೇಕು. ಲೇಬಲ್ ಭಾಷೆಯಲ್ಲಿ ಇದು ಲೈಟ್ ಪವರ್, ಮಾಡರೇಟ್ ಫಾಸ್ಟ್ ಅಥವಾ ಫಾಸ್ಟ್. ಕೆಳಭಾಗ ಗಟ್ಟಿ ಇರಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅರ್ಧ ಮುಕ್ಕಾಲು ಪೌಂಡಿನ ಕ್ರಾಪಿ ಎಳೆದಾಡುವ ಮೀನಲ್ಲ. ಆದರೆ ಅದು ಕಚ್ಚುವುದು ಕಂಬ, ಸರಪಳಿ, ಉಕ್ಕಿನ ಹಗ್ಗಗಳ ನಡುವೆ. ಕಚ್ಚಿದ ಕೂಡಲೇ ಅದನ್ನು ತಿರುಗಿಸಿ ಹೊರಗೆ ತರಬೇಕು. ಜೊತೆಗೆ ಲೇನಿಯರ್‌ನಲ್ಲಿ ಅದೇ ನೆರಳಲ್ಲಿ ಸ್ಪಾಟೆಡ್ ಬಾಸ್ ಎಂಬ ಜೋರಾಗಿ ಎಳೆಯುವ ಮೀನು ಕೂಡ ಇರುತ್ತದೆ. ಅದು ಕಚ್ಚಿದ ದಿನ ಮೆತ್ತಗಿನ ರಾಡ್ ಹಿಡಿದವರ ಪಾಡು ನೋಡಬೇಕು.

ಲೇಬಲ್‌ನಲ್ಲಿ ಜಿಗ್ ತೂಕದ ಮಿತಿಯನ್ನೂ ಓದಿ. 1/32ರಿಂದ 1/4 ಔನ್ಸ್ ಎಂದು ಬರೆದಿದ್ದರೆ ಸರಿ. 1/8ರಿಂದ ಶುರುವಾಗಿದ್ದರೆ ಅದು ಬಾಸ್ ಹಿಡಿಯುವವರ ರಾಡ್, ಕೆಳಗಿಡಿ. ಹಾಗಂತ ಒಂದು ಕಂಪನಿಯ ‘ಲೈಟ್’ ಇನ್ನೊಂದರ ‘ಅಲ್ಟ್ರಾಲೈಟ್’ ಆಗಿರುವುದೂ ಉಂಟು. ಈ ಮಾತುಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಕೊನೆಗೆ ಕೈಯೇ ತೀರ್ಮಾನಿಸಬೇಕು.

ಉದ್ದ: ಐದು, ಆರು, ಏಳು

ಜಗಳ ಹೆಚ್ಚು ನಡೆಯುವುದು ಉದ್ದದ ಬಗ್ಗೆ. ನಾಲ್ಕೂವರೆ ಅಡಿಯಿಂದ ಏಳು ಅಡಿಯ ತನಕ ಎಲ್ಲದಕ್ಕೂ ಅದರದರ ಅಭಿಮಾನಿಗಳಿದ್ದಾರೆ.

ಐದು ಅಡಿ ಮತ್ತು ಅದಕ್ಕಿಂತ ಚಿಕ್ಕದು ಗುರಿಗೆ ಒಳ್ಳೆಯದು. ದಾರ ಕಡಿಮೆ, ತುದಿ ಕಣ್ಣಿಗೆ ಹತ್ತಿರ. ಕಯಾಕ್‌ನಲ್ಲಿ ಕೂತು ಹಾರಿಸುವವರಿಗೆ ಇದೇ ಸರಿ, ಯಾಕೆಂದರೆ ನೀರಿನ ಮಟ್ಟಕ್ಕೆ ಅಷ್ಟು ಹತ್ತಿರ ಕೂತಾಗ ಉದ್ದನೆಯ ರಾಡ್ ಬಾಗಿದರೆ ತುದಿ ನೀರಿಗೆ ತಾಗುತ್ತದೆ. ಮಕ್ಕಳ ತೋಳಿಗೂ ಇದೇ ಒಗ್ಗುತ್ತದೆ. ದೂರ ಮಾತ್ರ ಸಾಲದು. ಡಾಕ್‌ಗೆ ತೀರಾ ಹತ್ತಿರ ಹೋಗಬೇಕಾಗುತ್ತದೆ, ಚಳಿಗಾಲದ ತಿಳಿನೀರಿನಲ್ಲಿ ದೋಣಿಯ ನೆರಳು ಕಂಡೇ ಮೀನು ಹಿಂದೆ ಸರಿಯುತ್ತದೆ.

ಏಳು ಅಡಿಯದು ದೂರಕ್ಕೆ ಗಟ್ಟಿಗ. ಡಾಕ್‌ನಿಂದ ಸಾಕಷ್ಟು ಹಿಂದೆಯೇ ನಿಂತು ಹಾರಿಸಬಹುದು, ಬೇರೆ ಕಡೆ ಸಾಮಾನ್ಯವಾಗಿ ಎಸೆಯಲೂ ಬಳಸಬಹುದು. ಆದರೆ ಏಳು ಅಡಿಯ ರಾಡ್ ಪೂರ್ತಿ ಬಾಗಬೇಕೆಂದರೆ ದಾರ ಹೆಚ್ಚು ಬಿಡಬೇಕು, ಜಿಗ್ ಹಿಡಿದ ಕೈಯನ್ನು ಸೊಂಟದ ಹಿಂದಕ್ಕೆ ಒಯ್ಯಬೇಕು. ತೋಳು ಉದ್ದವಿರುವ ಆರಡಿ ಆಳಿಗೆ ಅದು ಸಲೀಸು. ಐದೂಕಾಲು ಅಡಿ ಎತ್ತರದವರು ದಿನವಿಡೀ ಹಾಗೆ ಎಳೆದರೆ ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ. ರಾಡ್ ಉದ್ದ ಆರಿಸುವಾಗ ಸ್ವಂತ ತೋಳಿನ ಉದ್ದವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಾನು ಮೊದಲು ಕೇಳುವುದೇ ಅದನ್ನು.

ಐದೂವರೆಯಿಂದ ಆರು ಅಡಿಯದು ಬಹುತೇಕರಿಗೆ ಸರಿಹೊಂದುತ್ತದೆ. ಇದನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ. ಒಂದೇ ರಾಡ್ ಕೊಳ್ಳುವವರು ಆರು ಅಡಿಯದು ಕೊಳ್ಳಿ. ನಿಮ್ಮ ಎತ್ತರ ಐದೂವರೆ ಅಡಿಗಿಂತ ಕಡಿಮೆ ಇದ್ದರೆ, ಇಲ್ಲವೇ ಕೂತೇ ಹಾರಿಸುವುದಾದರೆ ಐದೂವರೆಯದು.

ನಿಮ್ಮ ಸರೋವರದ ಡಾಕ್ ಎಂಥದು?

ಉದ್ದದ ಮಾತಿಗೆ ಇದನ್ನೂ ಸೇರಿಸಬೇಕು, ಯಾಕೆಂದರೆ ಎಲ್ಲ ಡಾಕ್ ಒಂದೇ ಅಲ್ಲ.

ಲೇನಿಯರ್ ಸರೋವರ 1950ರ ದಶಕದಲ್ಲಿ ಚಾಟಹೂಚಿ ನದಿಗೆ ಬಫರ್ಡ್ ಅಣೆಕಟ್ಟು ಕಟ್ಟಿ ಮಾಡಿದ್ದು. ನೋಡಿಕೊಳ್ಳುವುದು ಸೈನ್ಯದ ಕೋರ್ ಆಫ್ ಇಂಜಿನಿಯರ್ಸ್. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,071 ಅಡಿ, ಬರ ಬಂದರೆ ಹಲವು ಅಡಿ ಇಳಿಯುತ್ತದೆ. ಹಾಗಾಗಿ ಅಲ್ಲಿನ ಡಾಕ್‌ಗಳು ತೇಲುವಂಥವು. ಕೆಳಗೆ ತೆಪ್ಪದಂಥ ಫ್ಲೋಟ್‌ಗಳಿರುತ್ತವೆ, ಅವು ನೀರಿನಲ್ಲೇ ಕೂತಿರುವುದರಿಂದ ಒಳಗೆ ಹೋಗಲು ಸಂದಿ ಇರುವುದು ಫ್ಲೋಟ್ ಫ್ಲೋಟ್‌ಗಳ ನಡುವೆ, ಇಲ್ಲವೇ ಕಟ್ಟಿದ ಪಾಂಟೂನ್ ದೋಣಿಗೂ ಡಾಕ್‌ಗೂ ನಡುವೆ. ಅಗಲ ಒಂದೆರಡು ಅಡಿ, ಎತ್ತರ ಅದಕ್ಕೂ ಕಡಿಮೆ. ಇಲ್ಲಿ ದೂರಕ್ಕಿಂತ ಗುರಿ ಮುಖ್ಯ. ಐದೂವರೆ ಅಡಿಯ, ಬೇಗ ನೆಟ್ಟಗಾಗುವ ರಾಡ್ ಕೈಯಲ್ಲಿದ್ದರೆ ಲಾಭ.

ಅದೇ ರಾಜ್ಯದ ಓಕೋನಿ ಸರೋವರ 1979ರಲ್ಲಿ ವಾಲೇಸ್ ಅಣೆಕಟ್ಟಿನಿಂದ ಆದದ್ದು, ಜಾರ್ಜಿಯಾ ಪವರ್ ಕಂಪನಿಯದು. ನೀರಿನ ಮಟ್ಟದಲ್ಲಿ ದೊಡ್ಡ ಏರಿಳಿತವಿಲ್ಲ, ಅದಕ್ಕೇ ಡಾಕ್‌ಗಳು ತಳಕ್ಕೆ ನೆಟ್ಟ ಕಂಬಗಳ ಮೇಲೆ ನಿಂತಿರುತ್ತವೆ. ಹಲಗೆಗೂ ನೀರಿಗೂ ನಡುವೆ ಜಾಗ ಧಾರಾಳ, ಒಳಗಡೆ ಉದ್ದಕ್ಕೆ ಹೋಗಬಹುದು. ಇಲ್ಲಿ ಆರು, ಆರೂವರೆ ಅಡಿಯ ರಾಡ್ ತನ್ನ ಬೆಲೆ ತೋರಿಸುತ್ತದೆ. ಮೀನು ಹಿಂಬದಿಯ ಕಂಬದ ಹತ್ತಿರ, ಎಲ್ಲರ ಜಿಗ್ ನಿಲ್ಲುವ ಕಡೆಯಿಂದ ಇನ್ನೈದು ಅಡಿ ಒಳಗೆ ನಿಂತಿರುವುದೇ ಹೆಚ್ಚು.

ಉತ್ತರ ಕೆರೊಲಿನಾದ ನಾರ್ಮನ್, ಅಲಬಾಮಾದ ವೈಸ್, ಮಿಸೌರಿಯ ಲೇಕ್ ಆಫ್ ದಿ ಓಝಾರ್ಕ್ಸ್, ಇವೆಲ್ಲಾ ಡಾಕ್‌ಗಳಿಗೆ ಹೆಸರಾದವು. ನೀವು ಹೋಗುವ ಕಡೆ ತೇಲುವುದು ಹೆಚ್ಚೋ ಕಂಬದ್ದು ಹೆಚ್ಚೋ ಒಮ್ಮೆ ನೋಡಿಕೊಂಡು ಬಂದು ಆಮೇಲೆ ಅಂಗಡಿಗೆ ಹೋಗಿ.

ದೋಣಿಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬಾಸ್ ದೋಣಿಯ ಮುಂಭಾಗದ ಎತ್ತರದ ಹಲಗೆಯ ಮೇಲೆ ನಿಂತು ಚಿಕ್ಕ ರಾಡ್ ಹಿಡಿದರೆ ಜಿಗ್ ಮೇಲಿಂದ ಕೆಳಕ್ಕೆ ಇಳಿಜಾರಾಗಿ ಹೋಗುತ್ತದೆ, ಪುಟಿಯದೆ ಮುಳುಗುತ್ತದೆ. ನೀರಿಗೆ ಸಮಾನಾಂತರವಾಗಿ ಹೋದರೆ ಮಾತ್ರ ಪುಟಿದು ಒಳಗೆ ಹೋಗುವುದು. ಇಂಥ ದೋಣಿಯವರು ಮಂಡಿಯೂರಬೇಕು, ಇಲ್ಲವೇ ಆರೂವರೆ ಏಳು ಅಡಿಯ ರಾಡ್ ಹಿಡಿದು ತುದಿಯನ್ನು ನೀರಿನ ಹತ್ತಿರಕ್ಕೆ ಇಳಿಸಬೇಕು. ಮಂಡಿಯೂರುವುದು ಅಗ್ಗ.

ಗ್ರಾಫೈಟೋ, ಗಾಜಿನ ನಾರೋ

ಗ್ರಾಫೈಟ್ ಹಗುರ, ಬಾಗಿದ್ದು ತಟ್ಟನೆ ನೆಟ್ಟಗಾಗುತ್ತದೆ, ಕಚ್ಚಿದ್ದು ಕೈಗೆ ತಿಳಿಯುತ್ತದೆ. ಕ್ರಾಪಿ ಕಚ್ಚುವುದು ಹೆಚ್ಚಾಗಿ ಜಿಗ್ ಮೆಲ್ಲಗೆ ಮುಳುಗುತ್ತಿರುವಾಗ. ಸಡಿಲ ದಾರದಲ್ಲಿ ಒಂದು ಸಣ್ಣ ಮಿಡಿತ, ಅಷ್ಟೇ. ಅದನ್ನು ಕಣ್ಣಲ್ಲಿ ದಾರ ನೋಡಿ ಹಿಡಿಯುವುದೇ ಹೆಚ್ಚು, ಆದರೂ ನೆರಳು ಗಾಢವಾದ ಕಡೆ ಕೈಯೇ ಗತಿ. ಗ್ರಾಫೈಟಿನ ದೋಷವೆಂದರೆ ಅದು ಪೆಟ್ಟು ತಡೆಯುವುದಿಲ್ಲ. ಡಾಕ್ ಕಂಬಕ್ಕೆ ಬಡಿದು ಬಿದ್ದ ಸಣ್ಣ ಕಚ್ಚು ಅವತ್ತು ಕಾಣುವುದಿಲ್ಲ, ತಿಂಗಳ ನಂತರ ಎಳೆದಾಗ ಅಲ್ಲಿಂದಲೇ ಮುರಿಯುತ್ತದೆ.

ಪೂರ್ತಿ ಗಾಜಿನ ನಾರಿನ ರಾಡ್ ಒರಟು ಕೈಗೆ ತಾಳುತ್ತದೆ, ಬೆಲೆ ಕಡಿಮೆ, ಆದರೆ ಬಿಟ್ಟ ಮೇಲೆ ತುದಿಯ ತೂಗಾಟ ನಿಲ್ಲುವುದು ನಿಧಾನ. ಈ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ. ಎರಡನ್ನೂ ಬೆರೆಸಿದ ರಾಡ್‌ಗಳಿವೆ. ಅಗ್ಲಿ ಸ್ಟಿಕ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು, ಅದರ ತುದಿ ಟೊಳ್ಳಿಲ್ಲದ ಗಾಜಿನ ನಾರು. ಮಕ್ಕಳಿಗೆ ಕೊಡಲು, ದೋಣಿಯಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಳ್ಳಲು ಅದಕ್ಕಿಂತ ನಿಶ್ಚಿಂತೆಯ ರಾಡ್ ಇಲ್ಲ. ಗುರಿಯ ವಿಷಯದಲ್ಲಿ ಗ್ರಾಫೈಟಿಗಿಂತ ಒಂದು ಹೆಜ್ಜೆ ಹಿಂದೆ.

ಐಎಂ6, ಐಎಂ7, ಐಎಂ8 ಎಂದು ಬರೆದದ್ದು ನೋಡಿ ಮರುಳಾಗಬೇಡಿ. ಅದು ಮೂಲದಲ್ಲಿ ಒಂದು ಕಂಪನಿ ತನ್ನ ಗ್ರಾಫೈಟಿಗೆ ಇಟ್ಟ ಹೆಸರು, ಈಗ ಎಲ್ಲರೂ ತಮಗೆ ತೋಚಿದಂತೆ ಬರೆಯುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಡಾಕ್‌ಗೆ ಒಳ್ಳೆಯದು ಅಂತೇನಿಲ್ಲ. ಹೆಚ್ಚು ಗಡಸಾದ ಗ್ರಾಫೈಟು ಹೆಚ್ಚು ಬೇಗ ಸೀಳುತ್ತದೆ ಕೂಡ.

ಒಂದೇ ತುಂಡಿನದೋ ಎರಡು ತುಂಡಿನದೋ? ಒಂದೇ ತುಂಡು, ಕಾರಿನಲ್ಲಿ ಹಿಡಿಸುವುದಾದರೆ. ಎರಡು ತುಂಡಿನದು ಪದೇಪದೇ ಬಾಗಿ ಬಿಡುವಾಗ ಕೂಡುವ ಕಡೆ ಸಡಿಲವಾಗುತ್ತದೆ, ಆಗಾಗ ಒತ್ತಿ ನೋಡುತ್ತಿರಬೇಕು.

ಹಿಡಿ, ಗೈಡ್, ರೀಲ್

ಉದ್ದನೆಯ ಹಿಡಿ ಬೇಡ. ಲೈಫ್ ಜಾಕೆಟ್‌ಗೋ ಮೊಣಕೈಗೋ ತಾಗಿ ಗುರಿ ಕದಲುತ್ತದೆ. ಮೊಣಕೈಗಿಂತ ಒಂದು ಗೇಣು ಮುಂಚೆಯೇ ಮುಗಿಯುವ ಹಿಡಿ ಸಾಕು. ಕಾರ್ಕೋ ಫೋಮೋ ನಿಮ್ಮ ಇಷ್ಟ.

ಗೈಡ್‌ಗಳಲ್ಲಿ ತುದಿಯದ್ದನ್ನು ಮಾತ್ರ ಗಮನವಿಟ್ಟು ನೋಡಿ. ಸಡಿಲ ದಾರ ಅದಕ್ಕೆ ಸುತ್ತಿಕೊಂಡಿದ್ದು ಗೊತ್ತಾಗದೆ ಎಳೆದರೆ ಜಿಗ್ ಹೋಗುವುದಿಲ್ಲ, ತುದಿ ಹೋಗುತ್ತದೆ. ಅಗ್ಗದ ರಾಡ್‌ಗಳಲ್ಲಿ ತುದಿಯ ಗೈಡ್ ಓರೆಯಾಗಿ ಅಂಟಿರುವುದು ಸಾಮಾನ್ಯ. ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಎಲ್ಲ ಗೈಡ್‌ಗಳೂ ಒಂದೇ ಗೆರೆಯಲ್ಲಿ ಕಾಣಬೇಕು.

ರೀಲ್ ಬೇರೆ ಲೇಖನದ ವಿಷಯ, ಆದರೆ ರಾಡ್ ಆರಿಸುವಾಗಲೇ ಒಂದು ತೀರ್ಮಾನ ಮಾಡಬೇಕು: ತೆರೆದ ಸ್ಪಿನ್ನಿಂಗ್ ರೀಲೋ, ಅಂಡರ್‌ಸ್ಪಿನ್ನೋ. ಸ್ಪಿನ್ನಿಂಗ್ ಆದರೆ 1000 ಅಳತೆಯದು ಅಥವಾ ಅದಕ್ಕಿಂತ ಚಿಕ್ಕದು. ಬೇಲ್ ತೆರೆದು ಬೆರಳಲ್ಲಿ ದಾರ ಹಿಡಿಯುವ ಅಭ್ಯಾಸವಾಗಬೇಕು, ಅದಕ್ಕೆ ಒಂದೆರಡು ವಾರಾಂತ್ಯ ಬೇಕಾದೀತು. ಅಂಡರ್‌ಸ್ಪಿನ್‌ನಲ್ಲಿ ರೀಲ್ ರಾಡ್‌ನ ಕೆಳಗೇ ತೂಗುತ್ತದೆ, ಆದರೆ ಮುಂಭಾಗ ಮುಚ್ಚಿರುತ್ತದೆ, ಬೆರಳಿಗೆ ಬಂದೂಕಿನ ಥರದ ಒಂದು ಕುದುರೆ ಇರುತ್ತದೆ. ಕುದುರೆ ಎಳೆದು ಹಿಡಿದರೆ ದಾರ ನಿಲ್ಲುತ್ತದೆ, ಬಿಟ್ಟರೆ ಹರಿಯುತ್ತದೆ. ಫ್ಲೂಗರ್, ಡೈವಾ, ಝೆಬ್ಕೊ ಮೂವರೂ ಇಂಥದ್ದನ್ನು ಮಾಡುತ್ತಾರೆ. ಹೊಸಬರಿಗೆ, ಮಕ್ಕಳಿಗೆ, ಬೆರಳಲ್ಲಿ ಸಂಧಿವಾತ ಇರುವ ಹಿರಿಯರಿಗೆ ಇದು ವರ. ಅನುಭವಸ್ಥರಲ್ಲೂ ಡಾಕ್‌ಗೆ ಇದನ್ನೇ ಹಿಡಿಯುವವರಿದ್ದಾರೆ. ಒಳಗಿನ ಸುರುಳಿ ಚಿಕ್ಕದಾದ್ದರಿಂದ ದಾರ ಬೇಗ ಸುರುಳಿಗಟ್ಟುತ್ತದೆ ಎಂಬುದೊಂದೇ ತಕರಾರು, ದಾರವನ್ನು ಆಗಾಗ ಬದಲಿಸಿದರಾಯಿತು.

ಬಲಗೈಯವರು ರಾಡ್ ಬಲಗೈಲಿ ಹಿಡಿದು ಎಡಗೈಲಿ ಜಿಗ್ ಎಳೆಯುತ್ತಾರೆ. ಬಿಟ್ಟ ಮೇಲೆ ಎಡಗೈ ಖಾಲಿ. ಹಾಗಾಗಿ ರೀಲಿನ ಹಿಡಿಕೆ ಎಡಕ್ಕೇ ಇರಲಿ, ಕೈ ಬದಲಿಸುವಷ್ಟರಲ್ಲಿ ಮೀನು ಜಿಗ್ ಉಗುಳಿರುತ್ತದೆ.

ದಾರ ನಾಲ್ಕು ಅಥವಾ ಆರು ಪೌಂಡಿನ ನೈಲಾನ್, ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ್ದು. ನೂರು ಡಾಲರ್ ರಾಡ್ ಕೊಂಡು ಮೂರು ವರ್ಷದ ಹಳೆಯ ದಾರ ಸುತ್ತುವವರಿಗೆ ಯಾವ ಹೋಲಿಕೆಯಿಂದಲೂ ಪ್ರಯೋಜನವಿಲ್ಲ.

ಬೆಲೆಯ ಮೂರು ಮೆಟ್ಟಿಲು

ಮೂವತ್ತು ಡಾಲರಿನ ಒಳಗೆ ಸಿಗುವುದು ಸಾಮಾನ್ಯ ಅಲ್ಟ್ರಾಲೈಟ್, ಲೈಟ್ ರಾಡ್‌ಗಳು. ಡಾಕ್‌ಗಾಗಿ ಮಾಡಿದವಲ್ಲ. ಆದರೂ ಹತ್ತು ರಾಡ್ ಬಾಗಿಸಿ ನೋಡಿದರೆ ಒಂದೋ ಎರಡೋ ಸರಿಯಾದದ್ದು ಸಿಗುತ್ತದೆ. ಈ ಪದ್ಧತಿ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಇಲ್ಲಿಂದಲೇ ಶುರು ಮಾಡಿ.

ಅದರ ಮೇಲೆ, ಸುಮಾರು ಐವತ್ತು ಡಾಲರಿನ ಆಸುಪಾಸಿನಲ್ಲಿ, ಇದೇ ಕೆಲಸಕ್ಕೆಂದು ಮಾಡಿದ ರಾಡ್‌ಗಳು ಬರುತ್ತವೆ. ಮಿಸಿಸಿಪ್ಪಿಯ ವೆಸ್ಟ್ ಪಾಯಿಂಟ್‌ನ ಬಿ ಎನ್ ಎಂ ಕಂಪನಿಯ ಶಾರ್ಪ್‌ಶೂಟರ್, ಲೂಸ್ ಕಂಪನಿಯ ವಾಲಿ ಮಾರ್ಷಲ್ ಸ್ಪೀಡ್ ಶೂಟರ್ ಈ ಜಾತಿಯವು. ಎರಡರ ಹೆಸರಲ್ಲೇ ಕೆಲಸ ಇದೆ. ತುದಿ ಮೆದು, ಬುಡ ಗಟ್ಟಿ. ನನ್ನ ಮಟ್ಟಿಗೆ ದುಡ್ಡಿಗೆ ತಕ್ಕ ಬೆಲೆ ಸಿಗುವುದು ಈ ಮೆಟ್ಟಿಲಿನಲ್ಲೇ.

ನೂರು ಡಾಲರ್ ದಾಟಿದರೆ ತೂಕ ಕಡಿಮೆಯಾಗುತ್ತದೆ, ಮಿಡಿತ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಹಿಡಿ ಗೈಡ್‌ಗಳು ಅಂದವಾಗಿರುತ್ತವೆ. ಗುರಿ ಎರಡರಷ್ಟಾಗುವುದಿಲ್ಲ. ವಾರಕ್ಕೆರಡು ದಿನ ನೀರಿನ ಮೇಲಿರುವವರಿಗೆ, ರಾಡ್ ದಿನವಿಡೀ ಕೈಯಲ್ಲಿರುವುದರಿಂದ, ತೂಕದ ವ್ಯತ್ಯಾಸ ತಿಳಿಯುತ್ತದೆ. ತಿಂಗಳಿಗೊಮ್ಮೆ ಹೋಗುವವರು ಉಳಿದ ದುಡ್ಡಿನಲ್ಲಿ ಜಿಗ್ ತಗೊಳ್ಳಿ. ಡಾಕ್‌ಗಳು ಅವನ್ನು ನುಂಗುವ ವೇಗಕ್ಕೆ ಎಷ್ಟು ಇದ್ದರೂ ಸಾಲದು.

ಅಂಗಡಿಯಲ್ಲಿ ಹೀಗೆ ನೋಡಿ

ಬರಿಗೈಲಿ ರಾಡ್ ಅಲ್ಲಾಡಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ತುದಿಯನ್ನು ಬೆರಳಲ್ಲಿ ಹಿಡಿದು ಬಗ್ಗಿಸುವುದಂತೂ ಬೇಡವೇ ಬೇಡ, ಆ ಬಗ್ಗಿಸುವಿಕೆಗೆ ರಾಡ್ ಮಾಡಿದ್ದಲ್ಲ, ಅಲ್ಲೇ ಮುರಿದರೆ ಬೆಲೆ ನೀವೇ ಕೊಡಬೇಕು. ನಿಮ್ಮ ರೀಲ್ ಒಯ್ಯಿರಿ. ಅಂಗಡಿಯವರನ್ನು ಕೇಳಿ, ರೀಲ್ ಕೂರಿಸಿ, ದಾರ ಹಾಯಿಸಿ, ತುದಿಗೆ ಕೊಕ್ಕೆ ಮುರಿದು ತೆಗೆದ 1/16ರ ಜಿಗ್ ತಲೆ ಕಟ್ಟಿ. ನೆಲದ ಕಡೆಗೆ ತುದಿ ತಗ್ಗಿಸಿ, ಹಾರಿಸುವಾಗ ಎಳೆದಂತೆಯೇ ಮೆಲ್ಲಗೆ ಎಳೆಯಿರಿ. ಪಕ್ಕದಲ್ಲಿ ನಿಂತವರಿಗೆ ಬಾಗು ಎಲ್ಲಿ ನಿಂತಿತು ಎಂದು ನೋಡಲು ಹೇಳಿ, ಹಿಡಿದವರಿಗೆ ಅದು ಸರಿಯಾಗಿ ಕಾಣುವುದಿಲ್ಲ. ನಂತರ ಜಿಗ್ ತಲೆಯನ್ನು ಬಿಡದೆಯೇ, ಕೈಯನ್ನು ಮುಂದಕ್ಕೆ ತಂದು ಬಾಗು ಸಡಿಲಿಸಿ. ಇನ್ನೊಂದು ರಾಡ್‌ಗೂ ಹೀಗೇ ಮಾಡಿ. ಎರಡನೆಯದನ್ನು ಎಳೆಯುವಾಗಲೇ ಕೈಗೆ ವ್ಯತ್ಯಾಸ ತಿಳಿದಿರುತ್ತದೆ. ಅಂಗಡಿಯವರು ಹಿತ್ತಲಲ್ಲೋ ಪಾರ್ಕಿಂಗ್‌ನಲ್ಲೋ ನಾಲ್ಕು ಸಲ ಹಾರಿಸಲು ಬಿಟ್ಟರೆ, ಬಿಟ್ಟ ಮೇಲೆ ತುದಿ ಎಷ್ಟು ಸಲ ತೂಗುತ್ತದೆ ನೋಡಿ. ಒಂದು ಸಲ ಆಡಿ ನಿಂತರೆ ಕೊಳ್ಳಿ.

ಮನೆಗೆ ತಂದ ಮೇಲೆ ಗ್ಯಾರೇಜಿನಲ್ಲಿ ಎರಡು ಕುರ್ಚಿ ಇಟ್ಟು, ಅವುಗಳ ಕಾಲುಗಳ ನಡುವೆ ಹಾರಿಸಿ ಕಲಿಯಬಹುದು. ಮನೆಯವರಿಗೆ ಮೊದಲೇ ಹೇಳಿಡಿ, ಮತ್ತು ಕೊಕ್ಕೆ ಮುರಿದ ಜಿಗ್ ಅನ್ನೇ ಬಳಸಿ.

ರಾಡ್ ಉಳಿಸಿಕೊಳ್ಳುವ ಬಗ್ಗೆ

ಡಾಕ್‌ನವರ ರಾಡ್ ಮುರಿಯುವುದು ಮೀನಿನಿಂದಲ್ಲ, ಸಿಕ್ಕಿಕೊಂಡ ಜಿಗ್ ಎಳೆಯುವುದರಿಂದ. ಹಗ್ಗಕ್ಕೋ ದೋಣಿಯ ಮುಸುಕಿಗೋ ಸಿಕ್ಕಿದಾಗ ರಾಡ್ ಬಾಗಿಸಿ ಜಗ್ಗಬೇಡಿ. ಮೊದಲು ದಾರವನ್ನು ಬಿಗಿ ಮಾಡಿ, ರೀಲಿನ ಮುಂದೆ ದಾರವನ್ನು ಬೆರಳಲ್ಲಿ ಹಿಡಿದು ಒಂದು ಗೇಣು ಎಳೆದು ಫಟ್ಟನೆ ಬಿಡಿ. ಅರ್ಧಕ್ಕರ್ಧ ಸಲ ಜಿಗ್ ಹಿಂದಕ್ಕೆ ಹಾರಿ ಬಿಡಿಸಿಕೊಳ್ಳುತ್ತದೆ. ಆಗದಿದ್ದರೆ ರಾಡ್ ಅನ್ನು ಸಿಕ್ಕಿದ ಕಡೆಗೆ ನೆಟ್ಟಗೆ ಗುರಿಯಿಟ್ಟು, ದಾರವನ್ನು ಮಾತ್ರ ಎಳೆಯಿರಿ. ತೆಳು ತಂತಿಯ ಕೊಕ್ಕೆಯಾದರೆ ಆರು ಪೌಂಡಿನ ದಾರಕ್ಕೆ ನೆಟ್ಟಗಾಗಿ ಬಂದುಬಿಡುತ್ತದೆ, ಬೆರಳಲ್ಲೇ ಮತ್ತೆ ಬಾಗಿಸಿಕೊಳ್ಳಬಹುದು. ಜಿಗ್ ಕೊಳ್ಳುವಾಗ ಇದನ್ನು ನೆನಪಿಡಿ.

ಲೇನಿಯರ್‌ನಲ್ಲಿ ನೀರು ಎಲ್ಲರದು, ಡಾಕ್ ಖಾಸಗಿಯವರದು. ಜಿಗ್ ಬಿಡಿಸಲು ಡಾಕ್ ಹತ್ತಬೇಡಿ, ನೀರಿಗೂ ಇಳಿಯಬೇಡಿ. ಡಾಕ್‌ಗಳಿಗೆ ವಿದ್ಯುತ್ ಎಳೆದಿರುತ್ತಾರೆ, ಸೋರಿಕೆಯಿದ್ದರೆ ನೀರಲ್ಲಿರುವವರ ಜೀವಕ್ಕೆ ಅಪಾಯ. ಮಾಲೀಕರು ಡಾಕ್ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದರೆ ಕೈ ಬೀಸಿ ಮುಂದಿನದಕ್ಕೆ ಹೋಗಿ, ಡಾಕ್‌ಗೇನೂ ಬರವಿಲ್ಲ. ಹದಿನಾರು ತುಂಬಿದವರಿಗೆಲ್ಲಾ ಜಾರ್ಜಿಯಾದಲ್ಲಿ ಲೈಸೆನ್ಸ್ ಬೇಕು. ಅಕ್ಕಪಕ್ಕದ ರಾಜ್ಯಗಳ ನಿಯಮ, ದಿನಕ್ಕೆ ಎಷ್ಟು ಮೀನು ಎಂಬ ಮಿತಿ ಬೇರೆಬೇರೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಎರಡನೆಯ ರಾಡ್ ಕೊಳ್ಳುವ ಹೊತ್ತಿಗೆ ನಿಮಗೆ ಯಾರ ಸಲಹೆಯೂ ಬೇಕಾಗಿರುವುದಿಲ್ಲ. ಆದರೂ ಕೇಳಿದರೆ, ಮೊದಲನೆಯದರಷ್ಟೇ ಉದ್ದದ್ದು, ಅದೇ ಬಾಗಿನದನ್ನೇ ತಗೊಳ್ಳಿ ಎನ್ನುತ್ತೇನೆ. ಒಂದಕ್ಕೆ 1/32, ಇನ್ನೊಂದಕ್ಕೆ 1/16 ಕಟ್ಟಿಡಿ. ಮೀನು ಮೇಲಿದ್ದರೆ ಮೊದಲನೆಯದು, ಆಳದಲ್ಲಿದ್ದರೆ ಎರಡನೆಯದು. ಕೈಗೆ ಒಂದೇ ಅಳತೆಯ ಅಭ್ಯಾಸವಿದ್ದರೆ ರಾಡ್ ಬದಲಿಸಿದ್ದು ಗುರಿಗೆ ಗೊತ್ತಾಗುವುದಿಲ್ಲ.